ಕೃಕಾಟಿಕೆಯ ಗಾಯವೂ ಸೀವನವಿಧಿಯೂ

೧

ಪ್ರಾಚೀನ ವೈದ್ಯಗ್ರಂಥಗಳನ್ನು ಓದುವವರಿಗೆ ಎದುರಾಗುವ ತೊಡಕುಗಳಲ್ಲಿ ಅಂಗವಾಚಕ ಶಬ್ದಗಳದು ಮೊದಲನೆಯದು. ನಿಘಂಟು ಒಂದು ಅರ್ಥವನ್ನು ಹೇಳುತ್ತದೆ. ಶಾಸ್ತ್ರಕಾರನ ಪ್ರಯೋಗವು ಇನ್ನೊಂದರ ಕಡೆಗೆ ಕೈತೋರುತ್ತದೆ. ನಿಘಂಟನ್ನೇ ನಂಬಿ ಅರ್ಥಮಾಡಿದರೆ ಚಿಕಿತ್ಸೆಯೇ ಅಸಂಗತವಾಗುತ್ತದೆ. ಪ್ರಯೋಗವನ್ನೇ ನಂಬಿ ಹೊರಟರೆ ಶಬ್ದಕ್ಕೆ ಆಧಾರವಿಲ್ಲದೆ ಹೋಗುತ್ತದೆ. ಇಂತಹ ಶಬ್ದಗಳಲ್ಲಿ 'ಕೃಕಾಟಿಕಾ' ಎಂಬುದು ಒಂದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯದಲ್ಲಿ, ಸದ್ಯೋವ್ರಣಗಳ ಪ್ರಕರಣದಲ್ಲಿ, ಈ ಸ್ಥಾನವು ಕತ್ತರಿಸಲ್ಪಟ್ಟಾಗ ಮಾಡಬೇಕಾದ ಚಿಕಿತ್ಸೆಯನ್ನು ಎರಡೇ ಶ್ಲೋಕಗಳಲ್ಲಿ ಹೇಳಿದೆ. ಆ ಶ್ಲೋಕಗಳ ತಾತ್ಪರ್ಯವಿಷ್ಟು: ಕೃಕಾಟಿಕೆಯ ಅಂತವು ಛಿನ್ನವಾಗಿ ಗಾಳಿ ಹೊರಡುತ್ತಿದ್ದರೂ, ಅದನ್ನು ಸರಿಯಾಗಿ ಸೇರಿಸಿಟ್ಟು ಕಟ್ಟಬೇಕು, ಎಡೆಬಿಡದಂತೆ ಹೊಲಿಯಬೇಕು, ಆಡಿನ ತುಪ್ಪದಿಂದ ತೋಯಿಸಬೇಕು, ರೋಗಿಯು ಅಂಗಾತನಾಗಿಯೇ ಅನ್ನವನ್ನು ತೆಗೆದುಕೊಳ್ಳಬೇಕು, ಅಲುಗದಂತೆ ಬಂಧಿತನಾಗಿ ಮಲಗಬೇಕು.

ಇದು ಹೆಡಕಿನ ಗಾಯದ ಮಾತೋ, ಶ್ವಾಸನಾಳದ ಗಾಯದ ಮಾತೋ ಎಂಬುದೇ ಪ್ರಶ್ನೆ. ಪ್ರಶ್ನೆ ಚಿಕ್ಕದಾಗಿ ತೋರಬಹುದು. ಆದರೆ ಅದರ ಉತ್ತರವನ್ನು ಹೊಂದಿ ನಮ್ಮ ಪ್ರಾಚೀನರು ಉಸಿರಿನ ಕೊಳವೆಯ ಮೇಲೆ ಸೂಜಿಯನ್ನಾಡಿಸುವ ಧೈರ್ಯಮಾಡಿದ್ದರೆ, ಇಲ್ಲವೆ, ಎಂಬ ಇತಿಹಾಸದ ನಿರ್ಣಯವು ನಿಲ್ಲುತ್ತದೆ. ಸ್ವದೇಶಾಭಿಮಾನದಿಂದ ಇಲ್ಲದುದನ್ನು ಉಂಟೆನ್ನುವುದೂ, ಉಪೇಕ್ಷೆಯಿಂದ ಇದ್ದುದನ್ನು ಇಲ್ಲವೆನ್ನುವುದೂ ಸಮಾನವಾದ ದೋಷಗಳು. ಆದುದರಿಂದ ಶಬ್ದ, ಪ್ರಕರಣ, ಪ್ರಯೋಗ ಇವುಗಳನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

೨

ಅಮರಕೋಶದಲ್ಲಿ ಅವಟು, ಘಾಟಾ, ಕೃಕಾಟಿಕಾ ಎಂಬ ಮೂರೂ ಒಂದೆಡೆ ಹೇಳಲ್ಪಟ್ಟಿವೆ. ಇವಕ್ಕೆ ಕತ್ತಿನ ಹಿಂಭಾಗ, ಎಂದರೆ ಹೆಡಕು, ಎಂಬುದೇ ರೂಢಿಯ ಅರ್ಥ. ಸುಶ್ರುತನಲ್ಲಿಯೇ ಶಾರೀರಸ್ಥಾನದ ಮರ್ಮನಿರೂಪಣೆಯಲ್ಲಿ ಕೃಕಾಟಿಕೆಗಳೆಂಬ ಎರಡು ಮರ್ಮಗಳು ತಲೆಯೂ ಕತ್ತೂ ಕೂಡುವೆಡೆಯಲ್ಲಿರುವುವೆಂದೂ, ಅಲ್ಲಿ ಪೆಟ್ಟುಬಿದ್ದರೆ ತಲೆ ನಡುಗುವುದೆಂದೂ ಹೇಳಿದೆ. ಇದಿಷ್ಟನ್ನೇ ನೋಡಿದವರು ಚಿಕಿತ್ಸಾಸ್ಥಾನದ ವಿಧಿಯನ್ನೂ ಹೆಡಕಿನ ಗಾಯಕ್ಕೇ ಅನ್ವಯಿಸುವುದು ಸಹಜವೇ.

ಇದಕ್ಕೆ ಬಲಕೊಡುವ ಇನ್ನೊಂದು ಯುಕ್ತಿಯೂ ಉಂಟು. ಅದೇ ಮರ್ಮಪ್ರಕರಣದಲ್ಲಿ ಕಂಠನಾಡಿಯ ಎರಡು ಪಕ್ಕಗಳಲ್ಲಿ ನೀಲಾ, ಮನ್ಯಾ ಎಂಬ ನಾಲ್ಕು ಧಮನಿಗಳಿರುವುವೆಂದಿದೆ. ಉಸಿರಿನ ಕೊಳವೆಗೆ 'ಕಂಠನಾಡೀ' ಎಂಬ ಸ್ಪಷ್ಟವಾದ ಹೆಸರು ಗ್ರಂಥಕಾರನ ಕೈಯಲ್ಲಿದ್ದಾಗ, ಅದನ್ನೇ ಹೇಳಬೇಕಾಗಿದ್ದರೆ ಆ ಹೆಸರನ್ನು ಬಿಟ್ಟು ಕೃಕಾಟಿಕೆಯೆಂದೇಕೆ ಹೇಳಿದನು? ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ.

ಆದರೆ ವಿಧಿಯ ಒಳಗಿನ ಮಾತುಗಳೇ ಹೆಡಕಿನ ಅರ್ಥಕ್ಕೆ ವಿರೋಧವಾಗಿ ನಿಲ್ಲುತ್ತವೆ. ಮೊದಲನೆಯದು, ಗಾಳಿ. ಹೆಡಕಿನಲ್ಲಿ ಚರ್ಮ, ಮಾಂಸ, ಸ್ನಾಯು, ಎಲುಬು ಇರುವುವಲ್ಲದೆ ಗಾಳಿಯ ಮಾರ್ಗವಿಲ್ಲ. ಅಲ್ಲಿ ಎಷ್ಟು ಆಳವಾಗಿ ಕತ್ತರಿಸಿದರೂ ರಕ್ತ ಹೊರಡುವುದಲ್ಲದೆ ಉಸಿರು ಹೊರಡದು. ಎರಡನೆಯದು, ಅನ್ನ. ನುಂಗುವಾಗ ಗಂಟಲಿನ ಮುಂದಣ ಧ್ವನಿಪೆಟ್ಟಿಗೆಯು ಮೇಲಕ್ಕೇರಿ ಕೆಳಕ್ಕಿಳಿಯುವುದನ್ನು ಯಾರಾದರೂ ಬೆರಳಿಟ್ಟು ನೋಡಬಹುದು. ಹೊಲಿಗೆ ಅಲ್ಲಿದ್ದರೆ ಉಣ್ಣುವ ರೀತಿಗೆ ನಿಯಮಬೇಕು. ಹೆಡಕಿನಲ್ಲಿದ್ದರೆ ಅಂತಹ ನಿಯಮಕ್ಕೆ ಪ್ರಸಕ್ತಿಯೇ ಇಲ್ಲ. ಮೂರನೆಯದು, ಶಯನ. ಹೆಡಕಿನಲ್ಲಿ ಹೊಸದಾಗಿ ಹೊಲಿದ ಗಾಯವಿರುವವನನ್ನು ಅಂಗಾತ ಮಲಗಿಸಿ, ಗಾಯವನ್ನೇ ಹಾಸಿಗೆಗೆ ಒತ್ತಿ, ಅಲುಗದಂತೆ ಕಟ್ಟುವ ವೈದ್ಯನು ಎಲ್ಲಿಯೂ ಇರಲಾರನು. ಗಾಯವು ಮುಂದುಗಡೆ ಇದ್ದರೆ ಮಾತ್ರ ಈ ಶಯನಕ್ಕೆ ಅರ್ಥವುಂಟು.

ಹಾಗಾದರೆ ಕೃಕಾಟಿಕಾಶಬ್ದವು ಇಲ್ಲಿ ಹೇಗೆ ಬಂದಿತು? 'ಅಂತ' ಎಂಬ ಪದವನ್ನು ಗಮನಿಸಬೇಕು. ಗ್ರಂಥಕಾರನು ಕೃಕಾಟಿಕೆಯೇ ಛಿನ್ನವಾಯಿತೆನ್ನದೆ ಕೃಕಾಟಿಕಾಂತವು ಛಿನ್ನವಾಯಿತೆನ್ನುತ್ತಾನೆ. ಕೃಕಾಟಿಕೆಯು ತಲೆ ಮತ್ತು ಕತ್ತುಗಳ ಸಂಧಿ; ಆ ಸಂಧಿಯ ಅಂಚು ಎಂದರೆ ಅದೇ ಎತ್ತರದಲ್ಲಿ ಕತ್ತನ್ನು ಬಳಸಿ ಮುಂದಕ್ಕೆ ಬರುವ ಪ್ರದೇಶ. ಮುಂದಿನಿಂದ ನೋಡಿದರೆ ಅದು ಗದ್ದದ ಕೆಳಗಣ ಭಾಗ, ಧ್ವನಿಪೆಟ್ಟಿಗೆಯೂ ಕೊಳವೆಯ ಮೇಲ್ತುದಿಯೂ ಇರುವ ಜಾಗ. 'ಕೃಕಾಟಿಕೆಯ ವರೆಗೆ' ಕತ್ತರಿಸಿತೆಂದು ಅರ್ಥಮಾಡಿದರೆ ಪಕ್ಕದ ನೀಲಾಮನ್ಯೆಗಳೆಲ್ಲ ಕತ್ತರಿಸಿಹೋಗಿ ಹೊಲಿಗೆಗೆ ಮೊದಲೇ ಪ್ರಾಣವು ಹೋಗುತ್ತದೆ. ಆದುದರಿಂದ ಅಂಚೆಂಬ ಅರ್ಥವೇ ಯುಕ್ತ. ಕತ್ತಿಯಿಂದ ಕೊರಳನ್ನು ಕೊಯ್ದುಕೊಂಡವರಲ್ಲಿ ಗಾಯವು ಬಹುಮಟ್ಟಿಗೆ ಈ ಎತ್ತರದಲ್ಲಿಯೇ ಬೀಳುವುದೆಂಬುದು ಈಗಿನ ನ್ಯಾಯವೈದ್ಯರೂ ಹೇಳುವ ಮಾತು. ಗ್ರಂಥಕಾರನು ಗಾಯದ ಸ್ಥಾನವನ್ನು ಒಂದು ಶಬ್ದದಿಂದಲೂ, ಒಡೆದ ಅಂಗವನ್ನು ಹೊರಡುವ ಗಾಳಿಯಿಂದಲೂ ಸೂಚಿಸಿದನು. ಗಾಳಿಯನ್ನು ಹೇಳಿದಮೇಲೆ ನಾಡಿಯನ್ನು ಬೇರೆ ಹೇಳಬೇಕಾಗಲಿಲ್ಲ.

ಅಂಗವಾಚಕ ಶಬ್ದಗಳು ಹೀಗೆ ನೆರೆಯ ಅಂಗಕ್ಕೆ ಹರಿಯುವುದು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ 'ಕೊರಳ್' ಶಬ್ದವನ್ನೇ ನೋಡಬಹುದು. ಹಾರವು ಕೊರಳಲ್ಲಿರುತ್ತದೆ, ಅಳುವು ಕೊರಳನ್ನು ಕಟ್ಟುತ್ತದೆ, ಇಂಪಾದ ಕೊರಳಿನಿಂದ ಹಾಡುತ್ತಾರೆ. ಹೊರಗಿನ ಕತ್ತು, ಒಳಗಿನ ಗಂಟಲು, ಅದರಿಂದ ಹೊರಡುವ ದನಿ ಮೂರಕ್ಕೂ ಒಂದೇ ಮಾತು. ಯಾವುದೆಂಬುದನ್ನು ಸಂದರ್ಭವು ಹೇಳುತ್ತದೆ. ಸಂಸ್ಕೃತದ ಕಂಠಶಬ್ದದ ಪಾಡೂ ಇದೇ. ಶಾಸ್ತ್ರದಲ್ಲಿಯೂ ಸಂದರ್ಭವೇ ಶಬ್ದಕ್ಕೆ ಒಡೆಯನು.

೩

ಮೇಲಣ ವಿಧಿಯಲ್ಲಿ 'ಗಾಳಿ ಹೊರಡುತ್ತಿದ್ದರೂ' ಎಂಬಲ್ಲಿನ ಅಪಿಶಬ್ದವು ಪಾದಪೂರಣಕ್ಕಾಗಿ ಬಂದುದೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲ. ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಎಂಟು ಬಗೆಯ ಶಸ್ತ್ರಕರ್ಮಗಳನ್ನು ನಿರೂಪಿಸುವಾಗ, ಯಾವ ಗಾಯಗಳನ್ನು ಹೊಲಿಯಬೇಕು, ಯಾವುವನ್ನು ಹೊಲಿಯಬಾರದು ಎಂಬ ವಿಭಾಗವಿದೆ. ಹೊಸದಾದ ಗಾಯಗಳನ್ನೂ ಚಲಿಸುವ ಸಂಧಿಗಳಲ್ಲಿನ ಗಾಯಗಳನ್ನೂ ಹೊಲಿಯಬಹುದು. ಕ್ಷಾರ, ಅಗ್ನಿ, ವಿಷಗಳಿಂದ ಕೆಟ್ಟವುಗಳನ್ನೂ, ಒಳಗೆ ರಕ್ತವಾಗಲಿ ಶಲ್ಯವಾಗಲಿ ಉಳಿದಿರುವವುಗಳನ್ನೂ ಹೊಲಿಯಕೂಡದು. ಈ ನಿಷೇಧದ ಪಟ್ಟಿಯಲ್ಲಿಯೇ ಗಾಳಿಯನ್ನು ವಹಿಸುವ ಗಾಯಗಳೂ ಸೇರಿವೆ.

ಇಲ್ಲಿ ಉತ್ಸರ್ಗ, ಅಪವಾದಗಳ ನ್ಯಾಯವು ಕಾಣುತ್ತದೆ. ಗಾಳಿ ಹೊರಡುವ ಗಾಯವನ್ನು ಹೊಲಿಯಬಾರದೆಂಬುದು ಸಾಮಾನ್ಯವಿಧಿ. ಕೃಕಾಟಿಕಾಂತದ ಗಾಯವನ್ನು ಗಾಳಿ ಹೊರಡುತ್ತಿದ್ದರೂ ಹೊಲಿಯಬೇಕೆಂಬುದು ವಿಶೇಷವಿಧಿ. ನಿಷೇಧವನ್ನು ಬಲ್ಲವನೇ, ಅದು ಇಲ್ಲಿ ಸಲ್ಲದೆಂದು ತಿಳಿದೇ, ಅಪಿಶಬ್ದವನ್ನಿಟ್ಟಿದ್ದಾನೆ. ವಿಧಿಯು ಹೆಡಕಿನ ಗಾಯದ್ದಾಗಿದ್ದರೆ ಈ ಅಪಿಶಬ್ದವು ವ್ಯರ್ಥವಾಗುತ್ತಿದ್ದಿತು.

ಸಾಮಾನ್ಯನಿಷೇಧಕ್ಕೆ ಕಾರಣವೇನೆಂಬುದನ್ನು ಇಂದಿನ ಶಸ್ತ್ರವೈದ್ಯದ ಅನುಭವದಿಂದ ಊಹಿಸಬಹುದು. ಒಳಗಿನ ಗಾಳಿಯ ದ್ವಾರವನ್ನು ಹಾಗೆಯೇ ಬಿಟ್ಟು ಮೇಲಣ ಚರ್ಮವನ್ನು ಮುಚ್ಚಿದರೆ, ಗಾಳಿಯು ಹೊರಬರಲಾರದೆ ಚರ್ಮದ ಕೆಳಗೆ ಹರಡಿ, ಕತ್ತು, ಮುಖ, ಎದೆಗಳೆಲ್ಲ ಉಬ್ಬಿ, ಒತ್ತಿದರೆ ಚರಚರನೆ ಸದ್ದಾಗುತ್ತದೆ. ಒಳಗಿನ ಬಿರುಕನ್ನು ಬಿಗಿಯಾಗಿ ಕೂಡಿಸಬಲ್ಲೆವಾದರೆ ಮಾತ್ರ ಹೊಲಿಗೆಯು ಹಿತ. 'ನಿರಂತರ' ಎಂಬ ವಿಶೇಷಣವು ಇಲ್ಲಿ ಬೆಲೆಯುಳ್ಳದ್ದಾಗುತ್ತದೆ. ಅಂತರವಿಲ್ಲದೆ, ಗಾಳಿ ನುಸುಳಲು ಎಡೆಯಿಲ್ಲದೆ ಹೊಲಿಯಬೇಕೆಂಬುದೇ ಅದರ ಭಾವ. ಅದೇ ಸೂತ್ರಸ್ಥಾನದಲ್ಲಿ ಸಾಧಾರಣವಾದ ಹೊಲಿಗೆಗೆ, ಬಹು ದೂರವೂ ಬಹು ಹತ್ತಿರವೂ ಬೇಡ, ದೂರವಾದರೆ ಗಾಯದ ಅಂಚು ನೋಯುವುದು, ಹತ್ತಿರವಾದರೆ ಹರಿಯುವುದು ಎಂಬ ಎಚ್ಚರಿಕೆಯಿದೆ. ಅಂತಹ ಎಚ್ಚರಿಕೆಯನ್ನು ಕೊಟ್ಟವನೇ ಕೊರಳಿಗೆ ನಿರಂತರವೆಂದು ವಿಧಿಸಿದನೆಂದಮೇಲೆ ಅದಕ್ಕೆ ಬಲವಾದ ಕಾರಣವಿರಲೇಬೇಕು.

ಸುಮಾರು ಏಳನೆಯ ಶತಮಾನದ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಾಗ್ಭಟನು ಈ ವಿಧಿಯನ್ನು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡಿದ್ದಾನೆ. ಆದರೆ ಎರಡು ಭೇದಗಳುಂಟು. ಸುಶ್ರುತನಲ್ಲಿ ಕಟ್ಟುವುದು ಮೊದಲು, ಹೊಲಿಯುವುದು ಅನಂತರ ಬಂದಿದೆ. ವಾಗ್ಭಟನು ಹೊಲಿದು ಕಟ್ಟಬೇಕೆಂದು ಕ್ರಮವನ್ನು ತಿದ್ದಿ, ಬೇಗನೆ ಹೊಲಿಯಬೇಕೆಂಬ ಮಾತನ್ನು ಸೇರಿಸುತ್ತಾನೆ. ಇವು ಕೇವಲ ಛಂದಸ್ಸಿನ ಅನುಕೂಲಕ್ಕಾಗಿ ಬಂದ ಭೇದಗಳೆಂದು ಹೇಳುವಂತಿಲ್ಲ. ಉಸಿರು ಸೋರುತ್ತಿರುವವನ ಮುಂದೆ ತಡಮಾಡಬಾರದೆಂಬುದು ಕಾರ್ಯದಿಂದ ಹುಟ್ಟಿದ ವಿವೇಕವಾಗಿ ತೋರುತ್ತದೆ.

೪

ಇನ್ನು ಹೊಲಿಗೆಯ ಸಾಧನಗಳು. ಸುಶ್ರುತನು ಹೇಳುವ ನೂಲುಗಳ ಪಟ್ಟಿ ದೊಡ್ಡದು: ತೆಳುವಾದ ನೂಲು, ಅಶ್ಮಂತಕದ ತೊಗಟೆಯ ನಾರು, ಸಣಬು, ಅಗಸೆಯ ನಾರು, ಪ್ರಾಣಿಯ ಸ್ನಾಯು, ಕೂದಲು, ಮೂರ್ವೆ, ಗುಡೂಚಿ. ಇವುಗಳಲ್ಲಿ ಅಶ್ಮಂತಕವನ್ನು ಮಹಾರಾಷ್ಟ್ರದಲ್ಲಿ ವಿಜಯದಶಮಿಯಂದು ಎಲೆ ಹಂಚುವ ಆಪಟೆಯ ಮರವೆಂದು ಹಲವರು ಗುರುತಿಸುತ್ತಾರೆ. ಮೂರ್ವೆಯ ನಾರಿನಿಂದ ಬಿಲ್ಲಿನ ಹೆದೆಯನ್ನು ಹೊಸೆಯುತ್ತಿದ್ದುದರಿಂದಲೇ ಹೆದೆಗೆ ಮೌರ್ವಿಯೆಂಬ ಹೆಸರು ಬಂದಿತು. ಬಿಲ್ಲನ್ನು ಬಗ್ಗಿಸಿ ಹಿಡಿಯುವ ನಾರು ಗಾಯದ ಅಂಚನ್ನು ಹಿಡಿಯಲಾರದೆ? ಗುಡೂಚಿ ಎಂಬುದು ನಮ್ಮ ಅಮೃತಬಳ್ಳಿ. ನಿಲ್ಕುಂದದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವರೆಗಿನ ಘಟ್ಟದ ಮೇಲಣ ಸೀಮೆಯಲ್ಲಿ ಮರಗಳನ್ನು ತಬ್ಬಿ, ಗಾಳಿಯಲ್ಲಿ ದಾರದಂತಹ ಬೇರುಗಳನ್ನು ಇಳಿಬಿಡುವ ಈ ಬಳ್ಳಿಯನ್ನು ಕಂಡವರಿಗೆ ಅದು ಈ ಪಟ್ಟಿಯಲ್ಲಿ ಏಕೆ ಸೇರಿತೆಂದು ವಿವರಿಸಬೇಕಾಗಿಲ್ಲ. ಜ್ವರಕ್ಕೆ ಕಷಾಯವಾಗುವ ಬಳ್ಳಿಯೇ ಗಾಯಕ್ಕೆ ದಾರವೂ ಆಗುತ್ತಿದ್ದಿತು.

ಸೂಜಿಗಳು ಮೂರು ತೆರ. ಮಾಂಸ ಕಡಮೆಯಾದೆಡೆಗೂ ಸಂಧಿಗಳಿಗೂ ಎರಡು ಅಂಗುಲದ ದುಂಡುಸೂಜಿ. ಮಾಂಸಲವಾದೆಡೆಗೆ ಮೂರು ಅಂಗುಲದ ಮೂರಂಚಿನ ಸೂಜಿ. ಮರ್ಮ, ವೃಷಣ, ಉದರಗಳ ಮೇಲೆ ಬಿಲ್ಲಿನಂತೆ ಬಾಗಿದ ಸೂಜಿ. ಕೃಕಾಟಿಕೆಯು ಮರ್ಮವೇ ಆದುದರಿಂದ, ಕೊರಳಿಗೆ ಬಾಗಿದ ಸೂಜಿಯೇ ವಿಹಿತವೆಂದು ಈ ನಿಯಮದಿಂದಲೇ ಸಿದ್ಧಿಸುತ್ತದೆ. ಇಂದು ಶ್ವಾಸನಾಳವನ್ನು ಹೊಲಿಯುವ ವೈದ್ಯರೂ ಬಾಗಿದ ಸೂಜಿಯನ್ನೇ ಹಿಡಿಯುತ್ತಾರೆ.

ಹೊಲಿಗೆಗಳು ನಾಲ್ಕು ತೆರ: ಬಳ್ಳಿ ಸುತ್ತಿದಂತೆ ಸಾಗುವ ವೇಲ್ಲಿತಕ, ಕವಣೆಯ ಹೆಣಿಗೆಯಂತಹ ಗೋಫಣಿಕಾ, ಹರಿದ ಬಟ್ಟೆಯನ್ನು ನೆಯ್ದಂತೆ ಕೂಡಿಸುವ ತುನ್ನಸೇವನೀ, ಒಂದೊಂದಾಗಿ ನೆಟ್ಟಗೆ ಗಂಟುಹಾಕುವ ಋಜುಗ್ರಂಥಿ. ಕೊರಳಿಗೆ ಇವುಗಳಲ್ಲಿ ಇಂಥದೇ ಎಂದು ಹೆಸರಿಸಿಲ್ಲ. ನಿರಂತರವೆಂಬುದನ್ನು ಒಂದೇ ದಾರದ ವೇಲ್ಲಿತಕವೆಂದೂ ತೆಗೆದುಕೊಳ್ಳಬಹುದು, ಒತ್ತಾಗಿ ಹಾಕಿದ ಋಜುಗ್ರಂಥಿಗಳೆಂದೂ ತೆಗೆದುಕೊಳ್ಳಬಹುದು. ಈ ಎರಡರ ನಡುವಣ ತಾರತಮ್ಯವು ಇಂದಿನ ಶಸ್ತ್ರವೈದ್ಯರಲ್ಲಿಯೂ ಚರ್ಚೆಯ ವಿಷಯವಾಗಿ ಉಳಿದಿರುವುದು ವಿಚಾರಾರ್ಹವಾಗಿದೆ.

ಉದರಚಿಕಿತ್ಸೆಯಲ್ಲಿ ಬರುವ ಇನ್ನೊಂದು ಸಾಧನವನ್ನು ಇಲ್ಲಿ ಹೇಳದಿರಲಾಗದು. ಕರುಳಿನಲ್ಲಿ ರಂಧ್ರವಾದಾಗ ಅದರ ಅಂಚುಗಳನ್ನು ಕೂಡಿಸಿ ಕರಿಯ ಇರುವೆಗಳಿಂದ ಕಚ್ಚಿಸಿ, ಕಚ್ಚಿದಮೇಲೆ ಅವುಗಳ ಮೈಯನ್ನು ಕಿತ್ತು ತಲೆಗಳನ್ನು ಮಾತ್ರ ಬಿಟ್ಟು, ಕರುಳನ್ನು ಒಳಕ್ಕೆ ಸೇರಿಸಿ, ಹೊರಗಣ ಗಾಯವನ್ನು ಹೊಲಿಯಬೇಕೆಂದಿದೆ. ಹೊರಗೆ ಹಾಕಿದ ದಾರವನ್ನು ಗಾಯ ಮಾಗಿದಮೇಲೆ ತೆಗೆಯಬಹುದು. ಒಳಗೆ ಉಳಿಯುವುದನ್ನು ತೆಗೆಯಲಾಗದು. ಒಳಗಣ ಅಂಗಕ್ಕೆ ಹೊರಗಣದಕ್ಕಿಂತ ಬೇರೆ ಸಾಧನಬೇಕೆಂಬ ವಿಚಾರವು ಇಲ್ಲಿ ಸ್ಪಷ್ಟವಾಗಿ ಮೊಳೆತಿದೆ. ಶ್ವಾಸನಾಳದ ಹೊಲಿಗೆಯ ಇತಿಹಾಸವೆಲ್ಲ ಕೊನೆಗೆ ಬಂದು ಮುಟ್ಟಿದುದು ಇದೇ ವಿಚಾರವನ್ನು.

೫

ಈ ವಿದ್ಯೆಯು ನಮ್ಮ ನಾಡಿನಲ್ಲಿ ಹೇಗಿದ್ದಿತು? ಕನ್ನಡದಲ್ಲಿ ವೈದ್ಯಗ್ರಂಥಗಳು ಕಡಮೆಯಿಲ್ಲ. ಚಾಲುಕ್ಯವಂಶದ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಇವು ಹನ್ನೆರಡನೆಯ ಶತಮಾನದವು; ವಿಷವೈದ್ಯವನ್ನು ಹೇಳುವ ಮಂಗರಾಜನ ಖಗೇಂದ್ರಮಣಿದರ್ಪಣವು ಹದಿನಾಲ್ಕನೆಯದು. ಬನವಾಸಿನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು, ಆ ಮಠವು ವಿದ್ಯಾಸ್ಥಾನವಾಗಿದ್ದುದಲ್ಲದೆ ಅನಾಥರಾದ ರೋಗಿಗಳ ಚಿಕಿತ್ಸೆಗೂ ಸ್ಥಾನವಾಗಿದ್ದಿತೆಂದು ಹೇಳುತ್ತದೆ. ವ್ಯಾಕರಣ, ದರ್ಶನಗಳ ಪಾಠವೂ ರೋಗಿಯ ಶುಶ್ರೂಷೆಯೂ ಒಂದೇ ಅಂಗಳದಲ್ಲಿ ನಡೆಯುತ್ತಿದ್ದುವೆಂಬುದು ನಮ್ಮ ಸೀಮೆಯ ಹೆಮ್ಮೆಯ ಸಂಗತಿ.

ಶಸ್ತ್ರಕರ್ಮಕ್ಕೆ ಸಂಬಂಧಿಸಿದ, ಕಣ್ಣಾರೆ ಕಂಡವರ ಹೇಳಿಕೆಯ ಮೇಲೆ ನಿಂತ ವೃತ್ತಾಂತವೊಂದು ಮೈಸೂರು ಯುದ್ಧಕ್ಕೆ ಸೇರಿದುದು. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಗೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದಮೇಲೆ, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವೈದ್ಯನು ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗನ್ನು ಕೂಡಿಸಿದನು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ೧೭೯೪ರ ಅಕ್ಟೋಬರಿನಲ್ಲಿ ಈ ವರದಿಯು ಚಿತ್ರಸಮೇತವಾಗಿ ಪ್ರಕಟವಾಯಿತು. ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯನು ೧೮೧೪ರಲ್ಲಿ ತಾನೂ ಈ ಕರ್ಮವನ್ನು ಮಾಡಿ, ೧೮೧೬ರಲ್ಲಿ ಪುಸ್ತಕವನ್ನು ಬರೆದನು.

ಈ ವರದಿಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಎರಡು ಸಂಗತಿಗಳಿವೆ. ಪುಣೆಯ ವೈದ್ಯನು ಹೊಲಿಗೆಯನ್ನೇ ಹಾಕಲಿಲ್ಲ. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದಾಗಿ ಅಂಟಿಸಿ ಗಾಯವನ್ನು ಹಿಡಿದನು. ಎರಡನೆಯದಾಗಿ, ಐದಾರು ದಿನ ರೋಗಿಯನ್ನು ಅಂಗಾತವಾಗಿಯೇ ಮಲಗಿಸಿದನು. ಗ್ರಂಥದಲ್ಲಿ ಹೇಳಿದ ಸೂಜಿದಾರಗಳು ಆ ಪರಂಪರೆಯಲ್ಲಿ ಬಿಟ್ಟುಹೋಗಿದ್ದುವು, ಶಯನದ ನಿಯಮ ಮಾತ್ರ ಉಳಿದಿದ್ದಿತು. ಚರ್ಮಕ್ಕೆ ಕಾಚು ಸಾಕಾಯಿತು. ಆದರೆ ಉಸಿರಿನ ಒತ್ತಡವನ್ನು ತಡೆಯಬೇಕಾದ ಕೊಳವೆಗೆ ಅಂಟು ಸಾಲದು. ಹೊಲಿಗೆ ಬಿಟ್ಟುಹೋದ ಪರಂಪರೆಯಲ್ಲಿ ಕೃಕಾಟಿಕೆಯ ಚಿಕಿತ್ಸೆಯೂ ಉಳಿಯುವಂತಿರಲಿಲ್ಲ. ಗ್ರಂಥವನ್ನು ಓದುವವರ ಕೈಯಲ್ಲಿ ಸೂಜಿಯಿರಲಿಲ್ಲ. ಶಸ್ತ್ರವನ್ನು ಹಿಡಿದವರ ಕೈಯಲ್ಲಿ ಗ್ರಂಥವಿರಲಿಲ್ಲ.

೬

ಅನ್ಯದೇಶಗಳಲ್ಲಿ ಮೃದ್ವಸ್ಥಿಯು ಕೂಡಿಕೊಳ್ಳದೆಂಬ ಭಯವು ಬಹುಕಾಲ ಇದ್ದಿತು. ಸುಮಾರು ೧೦೦೦ದಲ್ಲಿ ಸ್ಪೇನಿನ ಅರಬ್ ವೈದ್ಯನಾದ ಅಲ್ ಜಹ್ರಾವಿಯು ಕತ್ತಿಯಿಂದ ತನ್ನ ಕೊರಳನ್ನೇ ಕೊಯ್ದುಕೊಂಡ ಒಬ್ಬ ದಾಸಿಯ ವೃತ್ತಾಂತವನ್ನು ಬರೆದಿದ್ದಾನೆ. ಗಾಯದಿಂದ ಗಾಳಿ ಹೊರಡುತ್ತಿದ್ದಿತು, ದೊಡ್ಡ ರಕ್ತನಾಳಗಳು ಕತ್ತರಿಸಿರಲಿಲ್ಲ. ಅವನು ಗಾಯವನ್ನು ಹೊಲಿದನು. ದನಿಯು ಒಡೆದುದನ್ನು ಬಿಟ್ಟರೆ ಅವಳು ಗುಣಹೊಂದಿದಳು. ಸುಶ್ರುತಸಂಹಿತೆಯು ಇದಕ್ಕೂ ಹಿಂದೆಯೇ ಅರಬ್ಬೀ ಭಾಷೆಗೆ ಪರಿವರ್ತನೆಗೊಂಡಿದ್ದಿತು. ಆದರೆ ಇಷ್ಟರಿಂದ ಅವನು ಇದನ್ನು ಅಲ್ಲಿಂದಲೇ ಕಲಿತನೆಂದು ಸಾಧಿಸಹೋಗುವುದು ಸಾಹಸ. ಒಂದೇ ಬಗೆಯ ಗಾಯವು ಒಂದೇ ಬಗೆಯ ಯುಕ್ತಿಯನ್ನು ಎರಡು ದೇಶಗಳಲ್ಲಿ ಹುಟ್ಟಿಸಬಹುದು. ಇಲ್ಲಿ ಅವನ ಸಾಕ್ಷ್ಯದ ಬೆಲೆ ಬೇರೆ: ನಮ್ಮ ವಿಧಿಯು ಹೇಳುವ ಗಾಯವು ಸಂಭವನೀಯ, ಅದರ ಹೊಲಿಗೆಯು ಸಾಧ್ಯ, ಬದುಕುವುದೂ ಉಂಟು, ಎಂಬುದನ್ನು ಅದು ತೋರಿಸುತ್ತದೆ.

ಆಧುನಿಕ ಕಾಲದಲ್ಲಿ ೧೮೮೧ರಲ್ಲಿ ಜರ್ಮನಿಯ ಗ್ಲುಕ್, ಜೆಲ್ಲರ್ ಎಂಬವರು ನಾಯಿಗಳ ಶ್ವಾಸನಾಳವನ್ನು ಕತ್ತರಿಸಿ ತುದಿಗೆ ತುದಿಯನ್ನು ಕೂಡಿಸಿದರು. ಮನುಷ್ಯನ ಕೊಳವೆಯ ಉದ್ದ ಸುಮಾರು ಹನ್ನೊಂದು ಸೆಂಟಿಮೀಟರು, ಅದರಲ್ಲಿ ಹದಿನೆಂಟರಿಂದ ಇಪ್ಪತ್ತೆರಡು ಅರೆಬಳೆಗಳಿರುವುವು, ಹಿಂಬದಿ ಪೊರೆ. ಇದರಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚನ್ನು ತೆಗೆದು ಕೂಡಿಸಲಾಗದೆಂಬ ಅಭಿಪ್ರಾಯವು ೧೯೫೦ರ ಸುಮಾರಿನ ವರೆಗೂ ಇದ್ದಿತು. ಅಮೆರಿಕದ ಹರ್ಮಿಸ್ ಗ್ರಿಲ್ಲೊ ಎಂಬ ಶಸ್ತ್ರವೈದ್ಯನು ೧೯೬೪ರಲ್ಲಿ ಪ್ರಕಟಿಸಿದ ಶೋಧನೆಯಿಂದ, ಸುತ್ತಣ ಅಂಗಗಳನ್ನು ಸಡಿಲಿಸಿ ಕತ್ತನ್ನು ಬಾಗಿಸಿದರೆ ಹೆಚ್ಚುಕಡಮೆ ಅರ್ಧವನ್ನು ತೆಗೆದೂ ಕೂಡಿಸಬಹುದೆಂದು ತಿಳಿದುಬಂದಿತು.

ಆಗ ಉಳಿದ ಶತ್ರು ದಾರವೇ. ರೇಷ್ಮೆ, ಪಾಲಿಯೆಸ್ಟರು ಮುಂತಾದ ಕರಗದ ದಾರಗಳು ಕೊಳವೆಯ ಒಳಮೈಯಲ್ಲಿ ಹೊರಗಣ ವಸ್ತುವಾಗಿ ನಿಂತು, ಸುತ್ತಲೂ ದುರ್ಮಾಂಸವನ್ನು ಬೆಳೆಯಿಸಿ, ತೆರೆದ ದಾರಿಯನ್ನು ಮತ್ತೆ ಮುಚ್ಚುತ್ತಿದ್ದುವು. ೧೮೬೯ರಲ್ಲಿ ಲಿಸ್ಟರನು ಬಳಕೆಗೆ ತಂದ ಕಾರ್ಬಾಲಿಕ್ ಹಾಕಿದ ಕರುಳುದಾರವು ಕರಗುವುದೇನೋ ನಿಜ. ಆದರೆ ಅದು ಎಂದು ಕರಗುವುದೆಂಬುದು ನಿಶ್ಚಯವಲ್ಲ. ೧೯೭೦ರ ದಶಕದಲ್ಲಿ ಬಂದ ಪಾಲಿಗ್ಲಾಕ್ಟಿನ್ ದಾರವು ಮೂರು ವಾರಗಳಲ್ಲಿ ಸುಮಾರು ಅರ್ಧ ಬಲವನ್ನು ಕಳೆದುಕೊಂಡು ಎರಡು ತಿಂಗಳ ಸುಮಾರಿಗೆ ಕರಗುತ್ತದೆ. ಗ್ರಿಲ್ಲೊ ಮತ್ತು ಸಂಗಡಿಗರು ಕರಗದ ದಾರವನ್ನು ಬಿಟ್ಟು ಇದನ್ನು ಹಿಡಿದಮೇಲೆ ದುರ್ಮಾಂಸದ ಪೀಡೆಯು ಬಹಳಮಟ್ಟಿಗೆ ಇಳಿಯಿತು. ಇನ್ನೂ ನಿಧಾನವಾಗಿ ಕರಗುವ ಒಂಟಿ ಎಳೆಯ ಪಾಲಿಡೈಯೊಕ್ಸಾನೋನ್ ದಾರವು ಅನಂತರ ಬಂದಿತು. ಮುಂದಣ ಬಳೆಗಳಿಗೆ ಬಿಡಿಬಿಡಿ ಗಂಟುಗಳು, ಗಂಟುಗಳೆಲ್ಲ ಕೊಳವೆಯ ಹೊರಮೈಯಲ್ಲಿ, ಹಿಂಬದಿಯ ಪೊರೆಗೆ ಕೆಲವರಲ್ಲಿ ಸಾಗುಹೊಲಿಗೆ, ಪಕ್ಕಗಳಿಂದ ಬರುವ ರಕ್ತನಾಳಗಳಿಗೆ ಧಕ್ಕೆಯಿಲ್ಲದ ಬಿಡಿಸುವಿಕೆ, ಎಳೆತವಿಲ್ಲದ ಜೋಡಣೆ: ಇಷ್ಟು ಇಂದಿನ ಪದ್ಧತಿಯ ಸಾರ. ಕರ್ಮದ ಕೊನೆಯಲ್ಲಿ ಗದ್ದದ ಕೆಳಗಣ ಚರ್ಮವನ್ನು ಎದೆಯ ಚರ್ಮಕ್ಕೆ ದಪ್ಪದಾರದಿಂದ ಹೊಲಿದು, ರೋಗಿಯು ತಲೆಯನ್ನು ಹಿಂದಕ್ಕೆ ಎತ್ತದಂತೆ ಸುಮಾರು ಒಂದು ವಾರ ಇಡುವುದೂ ಉಂಟು.

ಈ ಕೊನೆಯ ಹೊಲಿಗೆಯನ್ನು 'ಸುಯಂತ್ರಿತ' ಎಂಬ ಪ್ರಾಚೀನಪದದ ಪಕ್ಕದಲ್ಲಿಟ್ಟು ನೋಡಬೇಕು. ಉದ್ದೇಶ ಒಂದೇ: ಕತ್ತು ಚಲಿಸಿದರೆ ಹೊಲಿಗೆ ಬಿಚ್ಚುತ್ತದೆ. ಸಾಧನಗಳು ಬೇರೆ. ಇಂದಿನವರು ಕತ್ತನ್ನು ಮುಂದಕ್ಕೆ ಬಾಗಿಸಿ ಎಳೆತವನ್ನು ತಗ್ಗಿಸುತ್ತಾರೆ. ಪ್ರಾಚೀನರು ಅಂಗಾತ ಮಲಗಿಸಿ ಕಟ್ಟಿದರು, ತಲೆ ಬಾಗಿರಬೇಕೆಂದು ಹೇಳಲಿಲ್ಲ. ಬಾಗಿಸುವುದರಿಂದ ಆಗುವ ಉಪಕಾರವನ್ನು ಅವರಿಗೆ ಆರೋಪಿಸುವುದು ತರವಲ್ಲ. ಹಾಗೆಯೇ, ಕೊಳವೆಯನ್ನೇ ಬೇರೆಯಾಗಿ ಹೊಲಿದರೆ, ಚರ್ಮಮಾಂಸಗಳೊಡನೆ ಒಟ್ಟಿಗೆ ಹೊಲಿದರೆ ಎಂಬುದನ್ನೂ ಶ್ಲೋಕವು ಬಿಡಿಸಿ ಹೇಳುವುದಿಲ್ಲ. 'ಸರಿಯಾಗಿ ಸೇರಿಸಿಟ್ಟು' ಎಂಬ ಮಾತು ಒಳಗಣ ತುದಿಗಳನ್ನು ಲಕ್ಷ್ಯದಲ್ಲಿಟ್ಟುಕೊಂಡುದೆಂದು ತೋರುತ್ತದೆ; ಅದಕ್ಕಿಂತ ಹೆಚ್ಚನ್ನು ಆ ಮಾತಿನಿಂದ ಹಿಂಡಲಾಗದು.

೭

ಮೇಲಣ ವಿಚಾರದಿಂದ ಬರುವ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಚಿಕಿತ್ಸಾಸ್ಥಾನದ ವಿಧಿಯು ಹೆಡಕಿನದಲ್ಲ, ಉಸಿರಿನ ಮಾರ್ಗವು ತೆರೆದುಹೋದ ಕೊರಳಿನದು. ಗಾಳಿ, ಅನ್ನ, ಶಯನ ಎಂಬ ಮೂರು ಲಿಂಗಗಳು ಇದಕ್ಕೆ ಸಾಕ್ಷಿ. ಅಪಿಶಬ್ದವು ಸೂತ್ರಸ್ಥಾನದ ನಿಷೇಧಕ್ಕೆ ಅಪವಾದವನ್ನು ಹೇಳುತ್ತದೆ. ಇದರಿಂದ ವಿಧಿಯು ಬುದ್ಧಿಪೂರ್ವಕವಾದುದೆಂದು ಸ್ಪಷ್ಟ. ಒಳಗೆ ಉಳಿಯುವ ಸಾಧನವು ಹೊರಗಣದಕ್ಕಿಂತ ಬೇರೆಯಾಗಿರಬೇಕೆಂಬ ತತ್ತ್ವವನ್ನು ಕರುಳಿನ ವಿಷಯದಲ್ಲಿ ಪ್ರಾಚೀನರು ಕಂಡರು, ಕೊರಳಿಗೆ ಅನ್ವಯಿಸಿದುದು ಕಾಣುವುದಿಲ್ಲ. ಆ ಅನ್ವಯವು ನಡೆದುದು ಇಪ್ಪತ್ತನೆಯ ಶತಮಾನದಲ್ಲಿ.

ನಿಘಂಟಿನ ಒಂದು ಅರ್ಥವನ್ನು ಪಾಠ ಹೇಳುವಾಗ ಉಪಾಧ್ಯಾಯರು ಪ್ರಯೋಗವನ್ನೂ ಕೂಡಿಸಿ ಹೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು. ಕೃಕಾಟಿಕೆಯೆಂದರೆ ಹೆಡಕೆಂದು ಬರೆದು ಮುಂದೆ ನಡೆದರೆ, ಉಸಿರು ಸೋರುತ್ತಿದ್ದ ಒಬ್ಬ ಮನುಷ್ಯನೂ ಅವನ ಮೇಲೆ ಬಾಗಿ ಹೊಲಿಯುತ್ತಿದ್ದ ಒಬ್ಬ ವೈದ್ಯನೂ ಗ್ರಂಥದಿಂದ ಮರೆಯಾಗಿಹೋಗುತ್ತಾರೆ. ಘಟ್ಟದ ಸೀಮೆಯ ಮನೆಗಳಲ್ಲಿ ಓಲೆಗರಿಯ ವೈದ್ಯದ ಕಟ್ಟುಗಳನ್ನು ಕಾಪಾಡಿಕೊಂಡಿರುವವರು, ಸದ್ಯೋವ್ರಣದ ಭಾಗಕ್ಕೆ ಕನ್ನಡ ಟೀಕೆಯೇನಾದರೂ ಇದ್ದರೆ, ಈ ಶಬ್ದಕ್ಕೆ ಅಲ್ಲಿ ಯಾವ ಕನ್ನಡ ಮಾತನ್ನು ಕೊಟ್ಟಿದೆಯೆಂಬುದನ್ನು ನೋಡಿ ತಿಳಿಸಿದರೆ ಈ ವಿಚಾರವು ಮುಂದುವರಿಯಲು ದಾರಿಯಾದೀತು.